ಮೀನಿಗೂ ಬೋಣಿ

8 ಜನವರಿ, ಬುಧವಾರ. ಕಾಂದಿವಲಿ

ಬೆಳಗ್ಗೆ ಮೆಣಸಿನ ಸಾರು, ತುಪ್ಪದನ್ನ, ಹುರಿದ ಬೆಳ್ಳುಳ್ಳಿ. ಸಾಯಲಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ದಿನಾ ಇದೇ ಹಣೆಬರಹ. ಮಗುವಿಗೆ ಮೂರು ವಾರ. ಹಾಲು ಸಾಲುತ್ತಿಲ್ಲ. ಡಬ್ಬದ ಪುಡಿ ಕಲಸಿ ಕಲಸಿ ಕೈ ಸೋತಿದೆ. ತಾಯಿ ಸರಿಯಾಗಿ ಊಟ ಮಾಡಬೇಕು ಎನ್ನುತ್ತಾರೆ ಡಾಕ್ಟರು. ನಾನೇನು ಅವಳ ಬಾಯಿಗೆ ಬೀಗ ಹಾಕಿದ್ದೇನೆಯೇ?

ಸೊಸೆ ಕಡಲ ದಂಡೆಯ ಮಾಲವಣದ ಕಡೆಯವಳು. ಅವಳ ತಾಯಿ ತೀರಿಕೊಂಡು ಎರಡು ವರ್ಷ. ಅದಕ್ಕೇ ಬಾಣಂತನಕ್ಕೆ ಮೈಸೂರಿನಿಂದ ನಾನು ಬಂದದ್ದು. ಅವಳಿಗೆ ಕನ್ನಡ ಬಾರದು. ನನಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಇಬ್ಬರೂ ಎಸ್, ನೋ, ಥ್ಯಾಂಕ್ ಯೂ... ಬ್ಯಾಂಕಿನ ಕೌಂಟರಿನ ಹಾಗೆ.

9 ಜನವರಿ

ಸಾಯಲಿಯ ಚಿಕ್ಕಮ್ಮ ವಿಡಿಯೋ ಕಾಲ್ ಮಾಡಿದ್ದರು. ಅಲ್ಲೇ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಅವರು ಏನೋ ಒಂದನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ಇವಳು ನನ್ನ ಕಡೆ ಒಮ್ಮೆ ನೋಡಿ "ನಕೋ, ನಕೋ" ಎಂದಳು. ಬೇಡ ಎನ್ನುವಷ್ಟು ನನಗೂ ತಿಳಿಯಿತು.

ವಿಕ್ರಂ ಆಫೀಸಿನಿಂದ ಬಂದ ಮೇಲೆ ವಿಚಾರಿಸಿದೆ. ನನ್ನ ಮಗ ತಾನೇ, ಹಿಂದೆ ಮುಂದೆ ನೋಡಿದ. ಆಮೇಲೆ ಬಾಯಿಬಿಟ್ಟ. ಅದೇನೋ ಒಂದು ಮೀನಂತೆ. ಹಾಲು ಬರಲೆಂದು ಅವರ ಕಡೆ ಬಾಣಂತಿಗೆ ಕೊಡುತ್ತಾರಂತೆ. ಯಾವ ಮೀನು ಎಂದರೆ ಅವನಿಗೂ ಗೊತ್ತಿಲ್ಲ.

"ನೀನಿರೋವರೆಗೂ ಮನೇಲಿ ಮೀನು ಬೇಡ ಅಂತ ಅವಳೇ ತೀರ್ಮಾನ ಮಾಡಿದಾಳಮ್ಮ. ನೀನು ಸುಮ್ನಿದ್ಬಿಡು."

ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

11 ಜನವರಿ, ಶನಿವಾರ. ಬೆಳಗ್ಗೆ 8.30

ವಾಕಿಂಗ್ ಎಂದು ಹೇಳಿ ಮೀನು ಬಜಾರಿಗೆ ಹೋಗಿ ಬಂದೆ. ಹುಟ್ಟಿದಾರಭ್ಯ ಮೊದಲ ಸಲ. ಮೂಗಿಗೆ ಸೆರಗು. ಆಗ ತಾನೇ ಬುಟ್ಟಿಗಳನ್ನು ಇಳಿಸುತ್ತಿದ್ದರು. ಮೊದಲ ಸಾಲಿನಲ್ಲಿ ದಪ್ಪ ಹೆಂಗಸು, ಕೊರಳ ತುಂಬ ಚಿನ್ನ, ತಲೆ ತುಂಬ ಹೂವು. ಪಕ್ಕದವಳು ಚಂಪಾ ಎಂದು ಕರೆಯುತ್ತಿದ್ದಳು. ಅವಳ ಮುಂದೆ ಬೆಳ್ಳಗೆ ಹೊಳೆಯುವ ಮೀನು. ನೋಡಲು ಲಕ್ಷಣವಾಗಿದೆ, ಇದೇ ಇರಬೇಕು ಎಂದುಕೊಂಡು ಬೆರಳು ತೋರಿಸಿದೆ.

ಅವಳು ಐದು ಬೆರಳು ಎತ್ತಿದಳು, ಐನೂರು. ನಾನು ಎರಡು. ಅವಳು ಹಣೆ ಚಚ್ಚಿಕೊಂಡಳು. ಆಮೇಲೆ ನಾಲ್ಕು. ನಾನು ಎರಡರಲ್ಲೇ ಇದ್ದೆ. ಅವಳು ಮೀನಿನ ಕಿವಿರು ಬಿಡಿಸಿ ಕೆಂಪು ತೋರಿಸಿ ಏನೇನೋ ಹೇಳಿದಳು. ಒಂದಕ್ಷರ ತಿಳಿಯಲಿಲ್ಲ. ತಲೆಯಾಡಿಸಿ ಹೊರಟೆ, ನಿಧಾನವಾಗಿ. ದೇವರಾಜ ಮಾರ್ಕೆಟ್ಟಿನಲ್ಲಿ ಹೀಗೆ ಹೊರಟರೆ ಮೂಲೆ ತಿರುಗುವುದರೊಳಗೆ "ಬನ್ನಿ ಅಮ್ಮಾವ್ರೇ" ಎಂದು ಕರೆಯದವರಿಲ್ಲ.

ಇವಳು ಕರೆಯಲಿಲ್ಲ. ಬೈದಳು. ಸಾಲಿಗೆ ಸಾಲೇ ತಿರುಗಿ ನೋಡುವ ಹಾಗೆ. ನಾನು ನಿಂತಿದ್ದ ಜಾಗಕ್ಕೆ ಒಂದು ಚೊಂಬು ನೀರು ಸುರಿದಳು. ಮುಂದಿನ ಬುಟ್ಟಿಗೆ ಹೋದೆ, ಆ ಬುಟ್ಟಿಯವಳು ಮುಖ ತಿರುಗಿಸಿದಳು. ಅದರಾಚೆಯವಳೂ ಅಷ್ಟೆ. ಬರಿಗೈಯಲ್ಲಿ ವಾಪಸ್.

ಅದೇ ದಿನ, ಮಧ್ಯಾಹ್ನ

ತಲೆಗೆ ನೀರು ಹಾಕಿಕೊಳ್ಳುವಾಗ ಹೊಳೆಯಿತು. ಬೋಣಿ! ದಿನದ ಮೊದಲ ಗಿರಾಕಿ ನಾನು. ರೇಟು ಕೇಳಿ, ಚೌಕಾಸಿ ಮಾಡಿ, ಕೊಳ್ಳದೆ ಎದ್ದು ಬಂದೆ. ಮೈಸೂರಿನಲ್ಲಿ ಹೂವಿನವಳ ಬೋಣಿ ನಾನು ಒಂದು ದಿನ ಕೆಡಿಸಿದವಳಲ್ಲ. ಅವಳು ಕಾಸನ್ನು ಕಣ್ಣಿಗೊತ್ತಿಕೊಂಡ ಮೇಲೇ ಕೊಸರಿಗೆ ನನ್ನ ಬಾಯಿ ಶುರು. ಇಲ್ಲಿ ಮಾತ್ರ ಮರೆತೆ. ನಿಜ ಹೇಳಬೇಕೆಂದರೆ ಮರೆತದ್ದಲ್ಲ, ಮೀನಿಗೂ ಬೋಣಿ ಇರುತ್ತದೆಂದು ತಲೆಗೇ ಬರಲಿಲ್ಲ. ನಾಚಿಕೆಯಾಯಿತು.

ಸಾಯಲಿ ಮಧ್ಯಾಹ್ನ ಊಟವೇ ಬೇಡವೆಂದಳು.

12 ಜನವರಿ, ಭಾನುವಾರ

ಬುಟ್ಟಿ ಇಳಿಯುವ ಮುಂಚೆಯೇ ಹೋಗಿ ನಿಂತೆ. ಚಂಪಾ ನನ್ನನ್ನು ನೋಡಿಯೂ ನೋಡದ ಹಾಗೆ ಚಾಕು ಮಸೆದಳು. ಬುಟ್ಟಿ ತೆರೆದ ತಕ್ಷಣ ಅದೇ ಬೆಳ್ಳನೆಯ ಮೀನು ತೋರಿಸಿದೆ. ಬಾಯಿಬಿಡದೆ ಅವಳ ಐದು ಬೆರಳಿನ ರೇಟನ್ನೇ ಮುಂದೆ ಹಿಡಿದೆ. ನೋಟು ನೋಡಿದಳು, ನನ್ನನ್ನು ನೋಡಿದಳು. ತಗೊಳ್ಳಲೋ ಬೇಡವೋ ಎಂದು ಸ್ವಲ್ಪ ಹೊತ್ತು. ಕೊನೆಗೆ ತೆಗೆದುಕೊಂಡು ಬುಟ್ಟಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಜೀವ ಬಂತು.

ಆಮೇಲೆ ಏನೋ ಕೇಳಿದಳು. ಯಾರಿಗೆ ಎಂದಿರಬೇಕು. ಹೇಗೆ ಹೇಳಲಿ? ಚೀಲ ಕೆಳಗಿಟ್ಟೆ. ತೋಳಲ್ಲಿ ಮಗು ತೂಗಿದೆ. ಎದೆ ಮುಟ್ಟಿ ತೋರಿಸಿ, ಇಲ್ಲ ಎಂದು ಕೈಯಾಡಿಸಿದೆ. ಅಷ್ಟು ಜನರ ನಡುವೆ, ಈ ವಯಸ್ಸಿನಲ್ಲಿ, ನಾಟಕದವಳ ಹಾಗೆ. ಯಾರೂ ನಗಲಿಲ್ಲ. ಚಂಪಾ ಕೈಗೆತ್ತಿಕೊಂಡಿದ್ದ ಬೆಳ್ಳನೆಯ ಮೀನನ್ನು ವಾಪಸ್ ಬುಟ್ಟಿಗೆ ಎಸೆದಳು. ಹಿಂದಿನ ಸಾಲಿಗೆ ಕೂಗು ಹಾಕಿ ಬೂದು ಬಣ್ಣದ್ದೊಂದು ತರಿಸಿದಳು. ಪುಟ್ಟ ಶಾರ್ಕು. ಮುಶಿ ಎನ್ನುತ್ತಾರಂತೆ, ನಾನೂ ಹೇಳುವ ತನಕ ಬಿಡಲಿಲ್ಲ. ಕತ್ತರಿಸುವಾಗ ಕಣ್ಣು ಮುಚ್ಚಿದೆ. ಕಿವಿ ಮುಚ್ಚಲಾಗಲಿಲ್ಲ. ಮಿಕ್ಕ ದುಡ್ಡು ವಾಪಸ್ ಕೊಟ್ಟಳು. ಚೀಲದ ಬಾಯಿ ಹಾಗೇ ತೆರೆದು ಹಿಡಿದಿದ್ದೆ, ಕೊಸರಿಗೆ. ಅಭ್ಯಾಸ ಬಿಡುತ್ತದೆಯೇ? ಬೈಯುತ್ತಲೇ ಒಂದು ಹಿಡಿ ಒಣಸೀಗಡಿ ಹಾಕಿದಳು.

ಮನೆಯಲ್ಲಿ ಚೀಲ ಬಿಚ್ಚಿದಾಗ ಸಾಯಲಿ ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದಳು. ಕುರ್ಚಿ ಎಳೆದು ಕೂತು ತೋರಿಸುತ್ತಾ ಹೋದಳು – ಇಷ್ಟು ಕಾಯಿ, ಇಷ್ಟು ಕೊತ್ತಂಬರಿ ಬೀಜ, ಮೆಣಸಿನಕಾಯಿ ಎರಡೇ. ಹುಳಿಪುಡಿ ಹಾಕಲು ಹೊರಟೆ, ಕೈ ಹಿಡಿದಳು. ವಾಸನೆ ತಾಳದೆ ನಾನು ಎರಡು ಸಲ ಕಿಟಕಿಗೆ ಓಡಿದೆ. ಅವಳು ತಟ್ಟೆ ಖಾಲಿ ಮಾಡಿದಳು. ನಾನು ಬಾಲ್ಕನಿಯಲ್ಲಿ ನಿಂತಿದ್ದೆ.

ವಿಕ್ರಂ ಪಾತ್ರೆಯ ಮುಚ್ಚಳ ತೆಗೆದು ನೋಡಿದವನು ಹಾಗೇ ಮುಚ್ಚಿದ.

19 ಜನವರಿ, ಭಾನುವಾರ. ಸಂಜೆ

ವಾರವೆಲ್ಲಾ ಬರೆಯಲು ಪುರುಸೊತ್ತಿರಲಿಲ್ಲ. ಬಜಾರು, ಅಡುಗೆ, ಹಬ್ಬದ ಎಳ್ಳು ಬೆಲ್ಲ. ಡಬ್ಬದ ಪುಡಿ ದಿನಕ್ಕೊಂದು ಸಲಕ್ಕೆ ಇಳಿದಿದೆ.

ಈಗ ಊಟಕ್ಕೆ ಬಡಿಸುತ್ತಿದ್ದೆ. ಸಾಯಲಿ ತಲೆ ತಗ್ಗಿಸಿಕೊಂಡೇ ಹೇಳಿದಳು.

"ಮೈಂ ಮಾಂಗತೀ ತೋ ಆಪ್ ಚಲೀ ಜಾತೀಂ. ಫಿರ್ ಮೇರೇ ಪಾಸ್ ಕೌನ್ ಥಾ?"

ಮೀನು ಕೇಳಿದ್ದರೆ ನಾನು ಹೊರಟುಬಿಡುತ್ತಿದ್ದೆನಂತೆ. ಆಮೇಲೆ ಅವಳಿಗೆ ಯಾರು? ಅಷ್ಟು ಹಿಂದಿ ನನಗೂ ಬರುತ್ತದೆ. ಇಷ್ಟು ದಿನ ಈ ಹುಡುಗಿ ಹಸಿದಿದ್ದದ್ದು ನನ್ನನ್ನು ಉಳಿಸಿಕೊಳ್ಳಲು. ಇನ್ನೊಂದು ಸೌಟು ಬಡಿಸಿದೆ.

ಒಳಗೆ ಮಗು ಅತ್ತಿತು. ಡಬ್ಬಕ್ಕೆ ಕೈ ಹಾಕಿದೆ. ಬೇಡ ಎಂದಳು, ಕೈ ತೊಳೆದು ಒಳಗೆ ಹೋದಳು. ಇಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನೂ ಅಳುತ್ತಿದೆ. ಇನ್ನೂ... ನಿಂತಿತು. ಮತ್ತೆ ಶುರುವಾಗುತ್ತದೇನೋ ಎಂದು ಕಾಯುತ್ತಿದ್ದೇನೆ. ಇಲ್ಲ. ಗುಟುಕು ಗುಟುಕು ಸದ್ದು ಇಲ್ಲಿಗೂ ಕೇಳುತ್ತಿದೆ.