ಕಾದ ಐರನ್ ಇದ್ದ ಜಾಗ

ಗಂಗಾನಗರ, ಬೆಂಗಳೂರು
14 ಜೂನ್ 2024

ಪ್ರೀತಿಯ ಅಣ್ಣಯ್ಯ,

‘ಇಟ್ಟ ಜಾಗ ಕೈಗೆ ಗೊತ್ತಿರುತ್ತೆ ಕಣಮ್ಮ’ ಅಂತ ಅಪ್ಪ ಹೇಳುತ್ತಿದ್ದರಲ್ಲ, ಆ ಮಾತು ಅಲ್ಲಿಗೇ ಮುಗಿಯುತ್ತಿತ್ತೇ? ಕೊನೆಯಲ್ಲಿ ಇನ್ನೇನೋ ಇತ್ತು ಅನ್ನಿಸುತ್ತದೆ, ಎಷ್ಟು ತಡಕಿದರೂ ಸಿಗುತ್ತಿಲ್ಲ. ಕಣ್ಣು ಪೂರ್ತಿ ಹೋದ ಮಗಳನ್ನು ಸಮಾಧಾನ ಮಾಡಲು ಹಾಗೆ ಹೇಳಿದರೋ, ನಿಜವೆಂದು ನಂಬಿಯೇ ಹೇಳಿದರೋ ಎಂದು ಈಗ ಅನುಮಾನ. ಅದಿರಲಿ, ನೀನು ಹೇಗಿದ್ದೀಯ? ಹಡಗಿನ ಊಟ ಒಗ್ಗಿತೇ? ಸೊಂಟದ ನೋವಿಗೆ ಅತ್ತಿಗೆ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲವೋ? ಹಚ್ಚುತ್ತಿಲ್ಲ, ನನಗೆ ಗೊತ್ತು. ನಿನ್ನ ಭಾವ ಚೆನ್ನಾಗಿದ್ದಾರೆ. ನಾನು ಎಡಗೈಯೊಂದರಲ್ಲೇ ಟೈಪ್ ಮಾಡುತ್ತಿದ್ದೇನೆ, ಕಂಪ್ಯೂಟರ್ ಒಂದೊಂದೇ ಅಕ್ಷರ ಓದಿ ಹೇಳುತ್ತಿದೆ. ಯಾಕೆಂದು ಕೆಳಗೆ ಬರೆಯುತ್ತೇನೆ, ಗಾಬರಿಯಾಗಬೇಡ.

ಸಿಂಗಪುರದಿಂದ ತಂತಿ ಬೆಸೆಯುವ ಸಾಲ್ಡರಿಂಗ್ ಐರನ್ ಯಾವುದು ತರಲಿ ಎಂದು ನೀನು ಕೇಳಿದ್ದೆ. ನೀನು ಹೇಳಿದ ಪರದೆಯ ಮೇಲೆ ಅಂಕಿ ಮೂಡುವಂಥದ್ದು ನನಗೆ ಆಗದು, ಅದು ನನ್ನ ಪಾಲಿಗೆ ಮೂಕ. ಹಿಡಿಯಿಂದ ತುದಿಗೆ ಹೆಚ್ಚು ದೂರವಿಲ್ಲದ ಕುಳ್ಳ ಐರನ್ ಬೇಕಿತ್ತು, ಪೆನ್ನು ಹಿಡಿದ ಹಾಗೆ. ಬಿಸಿ ಏರಿಸುವ ತಿರುಗುಗುಂಡಿ ಪ್ರತಿ ಮೆಟ್ಟಿಲಿಗೂ ಕಟ್ ಅನ್ನಬೇಕು. ಸ್ಟ್ಯಾಂಡ್ ಭಾರವಾಗಿರಬೇಕು, ಕಾದ ಭಾಗವನ್ನು ಪೂರ್ತಿ ನುಂಗುವ ಕೊಳವೆ ಇರಬೇಕು. ಇದನ್ನೆಲ್ಲ ಯಶವಂತಪುರದ ಒಂದು ಅಂಗಡಿಯಲ್ಲಿ ಹೇಳುತ್ತಿದ್ದರೆ, ಅಲ್ಲಿದ್ದವನು ಐರನ್ ತಂದು ನಿನ್ನ ಭಾವನ ಕೈಗೆ ಕೊಟ್ಟ. ‘ಮೇಡಂಗೆ ಯಾಕ್ ಸಾರ್ ಇದೆಲ್ಲ, ಸುಟ್ಕೊಂಡ್ರೆ?’ ಅಂದ. ‘ಸಾರ್‌ಗೆ ಫ್ಯೂಸ್ ಹಾಕೋಕೂ ಬರಲ್ಲಪ್ಪ, ನನ್ ಕೈಗೆ ಕೊಡು’ ಅಂದೆ. ನನಗೆ ಬೇಕಾದ್ದು ಅಲ್ಲಿ ಸಿಗಲಿಲ್ಲ, ಆದರೂ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಇಬ್ಬರೂ ನಕ್ಕೆವು. ಈಗ ನೋಡು, ಅವನ ಮಾತೇ ನಿಜವಾಯಿತು.

ಎದುರು ಮನೆಯ ಫಖ್ರುನ್ನೀಸಾ ಆಪಾ ಅವರ ರೇಡಿಯೋ ರಿಪೇರಿಗೆ ಬಂದಿತ್ತು, ಸ್ಪೀಕರ್ ತಂತಿ ಬಿಟ್ಟುಕೊಂಡಿತ್ತು. ನಾನು ಕೆಲಸ ಮಾಡುವ ರೀತಿ ನಿನಗೆ ಗೊತ್ತಲ್ಲ. ಬೆಸುಗೆ ತಂತಿಯ ಚೂರನ್ನು ಮೊದಲೇ ಜೋಡಣೆಗೆ ಸುತ್ತಿಬಿಡುತ್ತೇನೆ, ಆಮೇಲೆ ಕಾದ ತುದಿ ತಾಗಿಸಿ ಕಿವಿಗೊಡುತ್ತೇನೆ. ಚುಯ್ ಎಂದದ್ದು ಸುಮ್ಮನಾದರೆ ಕರಗಿ ಹರಿಯಿತು ಎಂದು ಅರ್ಥ. ಐರನ್ನಿನ ಸ್ಟ್ಯಾಂಡ್ ಯಾವತ್ತೂ ಮೇಜಿನ ಎಡಮೂಲೆಗೆ, ಕಿಟಕಿ ಪಕ್ಕ. ಬೆಸುಗೆ ತಂತಿಯ ಸುರುಳಿ ಬಲಕ್ಕೆ. ಅಪ್ಪ ಕಲಿಸಿದ ದಿನದಿಂದ ಅದು ಬದಲಾಗಿಲ್ಲ. ಅವತ್ತು ಐರನ್ ಕಾಯಲು ಹಾಕಿದ್ದೆ, ಗಾಳಿ ಎದ್ದು ಹನಿ ಬಿತ್ತು. ಮುಂಬಾಗಿಲು ತೆರೆದಿಟ್ಟೇ ಮಹಡಿಗೆ ಓಡಿ ಬಟ್ಟೆ ತಂದೆ. ಕೂತೆ. ಸುರುಳಿಗೆಂದು ಬಲಗೈ ಚಾಚಿದೆ, ಬೆರಳು ನೇರವಾಗಿ ಕಾದ ತುದಿಯ ಮೇಲೆ ಹೋಯಿತು. ಚೀರಿದ್ದು ಕೇಳಿ ಆಪಾ ಓಡಿ ಬಂದು ನಲ್ಲಿ ನೀರಿಗೆ ಕೈ ಹಿಡಿದರು. ‘ಯಾ ಅಲ್ಲಾ, ಯಾ ಅಲ್ಲಾ’ ಎನ್ನುತ್ತ ನನಗಿಂತ ಹೆಚ್ಚು ಅತ್ತವರು ಅವರೇ.

ಬಲಗೈ ತೋರುಬೆರಳು, ಅಣ್ಣಯ್ಯ. ನಾನು ಬ್ರೈಲ್ ಓದುವ ಬೆರಳು. ಎಡಗೈ ಬೆರಳಿಗೆ ಮುಂದಿನ ಸಾಲಿನ ಆರಂಭ ಹುಡುಕಿ ಕಾಯುವುದು ಗೊತ್ತೇ ಹೊರತು ಓದಲು ಬಾರದು. ಗಾಯ ಮಾಯುತ್ತದೆ, ಸ್ಪರ್ಶ ಮೊದಲಿನಂತೆ ಬರುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ನಿನ್ನೆ ಪಟ್ಟಿ ಬದಲಿಸುವಾಗ ಒಂದು ಕವಿತೆಯ ಹಾಳೆಯ ಮೇಲೆ ಆ ಬೆರಳು ಮೆಲ್ಲಗೆ ಇಟ್ಟು ನೋಡಿದೆ. ಚುಕ್ಕಿಗಳೇ ಇಲ್ಲ. ಒರೆಸಿಟ್ಟ ಗೋಡೆಯ ಹಾಗೆ ನುಣ್ಣಗಿತ್ತು ಹಾಳೆ. ಕಂಪ್ಯೂಟರ್ ಓದಿ ಹೇಳುತ್ತದಲ್ಲ ಎನ್ನುತ್ತಾರೆ ನಿನ್ನ ಭಾವ. ಹೇಳುತ್ತದೆ, ಆದರೆ ಸಾಲಿನ ತುದಿಯಲ್ಲಿ ನನಗೆ ಬೇಕಾದಷ್ಟು ಹೊತ್ತು ನಿಲ್ಲಲು ಬಿಡುವುದಿಲ್ಲ.

ಬೆರಳಿಗಿಂತಲೂ ಹೆದರಿಸಿದ್ದು ಇನ್ನೊಂದು. ಎಡಕ್ಕಿಡಬೇಕಾದ ಸ್ಟ್ಯಾಂಡನ್ನು ನನಗೇ ತಿಳಿಯದೆ ಬಲಕ್ಕೆ ಇಟ್ಟಿದ್ದೆನೆಂದರೆ, ತಲೆಯೊಳಗಿನ ಆ ಮೇಜೇ ಅಳಿಸಿಹೋಗುತ್ತಿದೆ. ಇಂದು ಸ್ಟ್ಯಾಂಡ್, ನಾಳೆ ಒಲೆ. ಈ ಮನೆಯಲ್ಲಿ ನಾನು ಒಬ್ಬಳೇ ಓಡಾಡುವುದು ಕೈಯನ್ನು ನಂಬಿ, ಅದೇ ಸುಳ್ಳು ಹೇಳಿದರೆ ಇನ್ಯಾರನ್ನು ನಂಬಲಿ? ಹಾಲು ಕಾಯಿಸುವುದನ್ನೂ ಬಿಟ್ಟಿದ್ದೇನೆ. ಸಾಮಾನೆಲ್ಲ ಅಟ್ಟಕ್ಕೆ ಹಾಕಿ ಎಂದು ನಾನೇ ಹೇಳಿದೆ, ಇವರು ಹಾಕಿದರು. ನೀನು ಏನೂ ತರಬೇಡ.

ಅತ್ತಿಗೆಗೆ ನನ್ನ ನೆನಪು ಹೇಳು. ಸಮುದ್ರ ನಿನ್ನನ್ನು ಕ್ಷೇಮವಾಗಿ ಮನೆಗೆ ತಂದು ಬಿಡಲಿ.

ನಿನ್ನ
ಶಾಂತಲಾ

ತಾ.ಕ.: ಕಳಿಸುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಸರಿ ಮಾಡಿಕೊಂಡು ಓದು. ಮೇಲೆ ಬರೆದದ್ದನ್ನು ಅಳಿಸುವುದಿಲ್ಲ, ಬೆರಳು ಹಾಗೇ ಇದೆ. ಆದರೆ ಆ ಕುಳ್ಳ ಐರನ್ ಕಣ್ಣಿಗೆ ಬಿದ್ದರೆ ಬೇಡವೆಂದು ದಾಟಿ ಬರಬೇಡ. ಬಂದವರು ಫಖ್ರುನ್ನೀಸಾ ಆಪಾ. ಒಳಗೆ ಬನ್ನಿ ಎಂದರೂ ಬರದೆ ಹೊಸ್ತಿಲಲ್ಲೇ ನಿಂತು ಹೇಳಿದರು: ‘ನಿದ್ದೆ ಬರ್ತಿಲ್ಲಮ್ಮ ನನಗೆ. ಅವತ್ತು ರೇಡಿಯೋ ಸರಿಹೋಯ್ತಾ ಅಂತ ಕೇಳೋಕೆ ಬಂದಿದ್ದೆ, ನೀವು ಮೇಲೆ ಬಟ್ಟೆ ತೆಗೀತಿದ್ರಿ. ಕಿಟಕಿ ಪರದೆ ಹಾರಿ ಹಾರಿ ಆ ಬಿಸಿ ಕಡ್ಡಿ ಮೇಲೆ ಬೀಳ್ತಿತ್ತು. ಹತ್ಕೊಂಡ್ಬಿಡುತ್ತೆ ಅಂತ ನಾನೇ ಸ್ಟ್ಯಾಂಡ್ ಎತ್ತಿ ಈಕಡೆ ಇಟ್ಬಿಟ್ಟೆ.’