ಮುನಿಕೃಷ್ಣಪ್ಪನ ಮೊಣಕಾಲು

ಸುಗಟೂರು,
೧೯೮೮, ಯುಗಾದಿ ಕಳೆದ ಸೋಮವಾರ

ಗೋಲ್‌ಕೀಪರ್ ಮುನಿಕೃಷ್ಣಪ್ಪನವರಿಗೆ,

ಅಣ್ಣ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ನೀನು ಪತ್ರ ಬರೆದದ್ದು ನಮ್ಮ ಯಜಮಾನರಿಗೆ, ಉತ್ತರ ಬರೆಯುತ್ತಿರುವವಳು ನಾನು. ಅವರಿಗೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮಗನ ಬಟ್ಟೆಬರೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತಿಸಿರುತ್ತಿದ್ದರು.

ನಿನ್ನ ಪತ್ರ ಬಂದ ದಿನ ಅವರು ಹಿಪ್ಪುನೇರಳೆ ತೋಟದಿಂದ ಮಣ್ಣುಕಾಲಲ್ಲೇ ಬಂದು, ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದು ಓದಿದರು. "ನೋಡೇ, ಭಾವ ನಮ್ ಕದಿರೇಶನ್ನ ಕರೆದವ್ರೆ. ಫ್ಯಾಕ್ಟರಿ ಟೀಮು, ಜೊತೇಗೆ ಕೆಲಸಾನೂ ಕೊಡಿಸ್ತಾರಂತೆ," ಎಂದು ಮುಖ ಅರಳಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಬಲಗಣ್ಣಿನಲ್ಲೇ ಏಕೆ ಓದುತ್ತಾರೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನ ಆಟ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಶ್ರೀನಿವಾಸಪುರದ ಮನೆಯ ಹಿತ್ತಲಲ್ಲಿ ರಾಗಿಹುಲ್ಲು ಹರಡಿಕೊಂಡು ನೀನು ಬೀಳುವುದನ್ನು ಕಲಿಯುವಾಗ ಚೆಂಡು ಎಸೆದವಳು ನಾನು. ನಮ್ಮ ಕಡೆಯ ಗರಸು ನೆಲದಲ್ಲಿ ಬಿದ್ದರೆ ಚರ್ಮ ಕಿತ್ತು ಬರುತ್ತದೆಂದು ಬೇರೆ ಗೋಲ್‌ಕೀಪರುಗಳು ನಿಂತಲ್ಲೇ ಕಾಲು ಚಾಚುತ್ತಿದ್ದರು. ನೀನು ಹಾರಿ ಬೀಳುತ್ತಿದ್ದೆ. ಎತ್ತರದ ಚೆಂಡನ್ನು ಗುದ್ದಿ ಕಳಿಸುವುದೆಂದರೆ ನಿನಗೆ ಅವಮಾನ, ಎರಡೂ ಕೈಯಲ್ಲಿ ಹಿಡಿದು ಎದೆಗೆ ಅವಚಿಕೊಳ್ಳಲೇಬೇಕು. ನಿನ್ನ ಕೈಗಳ ಬಗ್ಗೆ ನನ್ನ ತಕರಾರಿಲ್ಲ, ಅಂಥ ಕೈಗಳು ಇಡೀ ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ತಕರಾರು ಮೊಣಕಾಲಿನದು. ಹಾರಿದರೂ ಅದೇ ಮುಂದೆ, ಬಿದ್ದು ಎದ್ದರೂ ಅದೇ ಮುಂದೆ. ಎದುರಿನವರನ್ನು "ರಾ ರಾ, ದಮ್ಮಿದ್ರೆ ಬಾರೋ" ಎಂದು ಕೆಣಕುವುದು ಬೇರೆ. "ಒಂದ್ಸಲ ಏಟು ತಿಂದ್ರೆ ನನ್ಮಗ ಇನ್ನೊಂದ್ಸಲ ಹತ್ರ ಸುಳಿಯಲ್ಲ ಕಣೇ," ಎಂದು ಮುದ್ದೆ ಮುರಿಯುತ್ತಾ ನಗುತ್ತಿದ್ದೆ.

೧೯೭೬ರ ಮುಳಬಾಗಿಲಿನ ಪಂದ್ಯ ನೆನಪಿದೆಯೋ, ಮರೆತೆಯೋ? ನೀನು ಶ್ರೀನಿವಾಸಪುರದ ಗೋಲಿನಲ್ಲಿ, ನಮ್ಮವರು ಕೋಲಾರದ ತಂಡದ ಫಾರ್ವರ್ಡ್. ಬೆಂಗಳೂರಿನ ಫ್ಯಾಕ್ಟರಿಯವರು ಆಟಗಾರರನ್ನು ಆರಿಸಲು ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಯಾರು ಗೆದ್ದರೂ ನನಗೆ ಸಂತೋಷವೇ ಎಂದುಕೊಂಡು ನಾನು ಬೇವಿನ ಮರದ ಕೆಳಗೆ ನಿಂತಿದ್ದೆ. ನೀನು ಚೆಂಡಿನ ಮೇಲೆ ಬಿದ್ದೆ, ಚೆಂಡು ನಿನ್ನ ಎದೆಯಡಿ ಭದ್ರವಾಯಿತು. ಓಡಿಬಂದ ಅವರ ಕಾಲು ನಿನ್ನ ಭುಜಕ್ಕೆ ತಾಗಿತು. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ನಮಗೆಲ್ಲ ನಡೆಯಲು ಕಲಿಸುವಾಗಲೇ ಕಲಿಸಿರುತ್ತಾರೆ. ಅದರಲ್ಲೂ ನೀನು ಹೆಂಡತಿಯ ಅಣ್ಣ. ಅವರು ಆಟವನ್ನೇ ಮರೆತು ನಿನ್ನ ಭುಜ ಮುಟ್ಟಲು ಬಗ್ಗಿದರು. ಜನ ಘೊಳ್ಳೆಂದು ನಕ್ಕರು. ಅವರು ಬಗ್ಗಿದ್ದು ಚೆಂಡಿಗಲ್ಲ ಎಂದು ಇಡೀ ಮೈದಾನಕ್ಕೆ ತಿಳಿಯಿತು. ನೀನು ತಲೆ ಎತ್ತಿ ಅವರ ಮುಖ ನೋಡಿದೆ, ಅದನ್ನು ನಾನು ಕಂಡೆ. ನೋಡಿಯೇ ನೀನು ಎದ್ದೆ, ಮೊಣಕಾಲು ಮುಂದೆ ಮಾಡಿಕೊಂಡು.

ಅವರ ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ಮುಖಕ್ಕೆಲ್ಲ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವರು ನನಗೆ ಹೇಳಿದ ಮೊದಲ ಮಾತೇನು ಗೊತ್ತೇ? "ಭಾವಂಗೆ ಕಾಲು ತಾಗಿಬಿಡ್ತು ಕಣೇ. ಮುಟ್ಟಿ ನಮಸ್ಕಾರ ಮಾಡಕ್ಕೂ ಆಗಲಿಲ್ಲ." ಆ ವಾರವೇ ನೀನು ಬೆಂಗಳೂರಿಗೆ ಹೊರಟೆ. ಭಯವೇ ಇಲ್ಲದ ಗೋಲ್‌ಕೀಪರ್ ಎಂದು ಫ್ಯಾಕ್ಟರಿಯವರು ಆರಿಸಿದ್ದರಂತೆ. ನಮ್ಮ ದೊಡ್ಡಮುನಿಯಪ್ಪ ಮಾವನ ಕೈಲಿ ನೀನು ಒಂದು ಮಾತು ಕಳಿಸಿದೆ: "ಆಟ ಅಂದ್ಮೇಲೆ ಇವೆಲ್ಲಾ ಇದ್ದಿದ್ದೇ." ಥೂ ನಿನ್ನ!

ಆಮೇಲೆ ರಾಜ್ಯದ ತಂಡ, ಕಲ್ಕತ್ತದ ಕ್ಲಬ್ಬು, ಪೇಪರಿನಲ್ಲಿ ಫೋಟೊ. ನಿನ್ನ ಆಟ ರೇಡಿಯೊದಲ್ಲಿ ಬರುವ ದಿನ ನಮ್ಮವರು ಡೈರಿಗೆ ಹಾಲು ಹಾಕಿ ಓಡಿಬಂದು ಕೂರುತ್ತಿದ್ದರು. ನೀನು ಚೆಂಡು ಹಿಡಿದೆ ಎಂದರೆ ಸಾಕು, ತೊಡೆ ತಟ್ಟುತ್ತಿದ್ದರು. ನಾನು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಫಾರ್ವರ್ಡುಗಳು ನಿನ್ನ ಹತ್ತಿರ ಬರಲು ಹೆದರುತ್ತಾರೆಂದು ನೀನು ಜಂಭ ಕೊಚ್ಚಿದ್ದನ್ನೂ ಪೇಪರಿನಲ್ಲಿ ಓದಿದೆ. ಹೆದರದೆ ಹತ್ತಿರ ಬಂದವರು ಒಬ್ಬರಿದ್ದರು, ಅವರು ನಮಸ್ಕಾರ ಮಾಡಲು ಬಂದಿದ್ದರು.

ಕದಿರೇಶನಿಗೆ ಗೋಲ್‌ಕೀಪಿಂಗ್ ಸೋದರಮಾವನಿಂದ ಬಂದದ್ದೆಂದು ಬೀಗಬೇಡ. ಕಲಿಸಿದ್ದು ಅವನ ಅಪ್ಪ. ಒಂದೇ ಕಣ್ಣಿಗೆ ದೂರ ಸರಿಯಾಗಿ ತಿಳಿಯುವುದಿಲ್ಲ, ಅವರು ಒದ್ದ ಚೆಂಡು ಎಲ್ಲೆಲ್ಲಿಗೋ ಹೋಗುತ್ತದೆ. ಅದನ್ನು ಹಿಡಿಯಲು ಹೋಗಿ ಹೋಗಿ ಹುಡುಗನಿಗೆ ಎರಡೂ ಕಡೆ ಹಾರುವುದು ಬಂತು. ಹೋದ ತಿಂಗಳು ಮಾಲೂರಿನಲ್ಲಿ ನೀನು ನೋಡಿ ಮೆಚ್ಚಿದ್ದು ಅದನ್ನೇ. ಮೆಚ್ಚಿದವನು ಸುಮ್ಮನಿರಬಾರದಿತ್ತೇ? "ಮೊಣಕಾಲು ಎತ್ತುವುದೊಂದನ್ನು ನಾನು ಕಲಿಸುತ್ತೇನೆ, ಮಿಕ್ಕಿದ್ದೆಲ್ಲ ಇದೆ" ಎಂದು ಬರೆದಿದ್ದೀಯ. ಅದೂ ಅವರಿಗೆ! ಬರೆಯುವಾಗ ನಾಚಿಕೆಯಾಗಲಿಲ್ಲವೇ?

ಹುಡುಗ ಹೋಗಬೇಕೆಂದು ತುದಿಗಾಲಲ್ಲಿ ನಿಂತಿದ್ದಾನೆ. ಇಲ್ಲಿ ಅವನ ಆಟಕ್ಕೆ ಮುಂದೆ ದಾರಿಯಿಲ್ಲ ಎಂಬುದು ನನಗೂ ಗೊತ್ತು. ನಿನ್ನ ಮೇಲಿನ ಸಿಟ್ಟಿಗೆ ಅವನ ಬದುಕು ಹಾಳುಮಾಡಲಾರೆ, ಆದ್ದರಿಂದ ಇಲ್ಲ ಎಂದು ಬರೆಯುತ್ತಿಲ್ಲ. ಆದರೆ ಅವನು ತಾನಾಗಿ ಬರುವುದಿಲ್ಲ. ನೀನೇ ಬಂದು ಕರೆದುಕೊಂಡು ಹೋಗಬೇಕು.

ನನ್ನ ಮದುವೆಯಲ್ಲಿ ತಟ್ಟೆಯಿಟ್ಟು ಅವರ ಪಾದ ತೊಳೆದವನು ನೀನು. ನಿನ್ನ ಮೊಣಕಾಲಿಗೆ ಮಡಿಚಲು ಬರುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಕಾಲು ನಿನಗೆ ತಾಗಿತು, ಅವರು ಆ ಕ್ಷಣವೇ ಬಗ್ಗಿದರು. ನಿನ್ನ ಕಾಲು ಅವರಿಗೆ ತಾಗಿ ಹನ್ನೆರಡು ವರ್ಷವಾಯಿತು, ನೀನು ಇನ್ನೂ ಬಗ್ಗಿಲ್ಲ. ನಮ್ಮ ಹೊಸ್ತಿಲು ದಾಟಿ ಬಾ, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೋ. ಹುಡುಗನ ಎದುರಿಗೇ ಆಗಬೇಕು. ನಿನ್ನಿಂದ ಅವನು ಮೊದಲು ಅದನ್ನು ಕಲಿಯಲಿ.

ಒಂದು ಎಚ್ಚರಿಕೆ. ನಿನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಆ ಪುಣ್ಯಾತ್ಮರು ಬಾಕಿ ಉಳಿದ ನಮಸ್ಕಾರ ಮುಗಿಸಲು ತಾವೇ ಬಗ್ಗಿಬಿಡುತ್ತಾರೆ. ಚೆಂಡಿನ ಮೇಲೆ ಬೀಳುವಾಗ ತೋರಿಸುತ್ತಿದ್ದ ಚುರುಕನ್ನು ಅಲ್ಲಿ ತೋರಿಸು. ಈ ಸಲ ನೀನು ಮೊದಲು ಬಗ್ಗಿರಬೇಕು.

ಬಗ್ಗುವಷ್ಟು ಸೊಂಟವನ್ನೂ ಮಡಿಚುವಷ್ಟು ಮೊಣಕಾಲನ್ನೂ ದೇವರು ನಿನಗೆ ಉಳಿಸಿರಲಿ.

ನೀನು ಬರುವವರೆಗೆ ತಂಗಿಯಲ್ಲ, ಬರೀ ಆವಲಪ್ಪನವರ ಹೆಂಡತಿ,
ಭಾರತಮ್ಮ