ಬಣ್ಣ ಹೋದ ಬಸ್ಸಿನ ಡಬ್ಬ

ಅಪ್ಪನ ಮನೆ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ಅಪ್ಪ ಹೋಗಿ ಎರಡು ತಿಂಗಳಾಯಿತು. ನನಗೆ ಊಟ ಸೇರುತ್ತದೆ, ನಿದ್ದೆ ಮಾತ್ರ ಸರಿಯಾಗಿ ಹತ್ತುವುದಿಲ್ಲ.

ನಿನ್ನೆ ಹಳೆಯ ಸಾಮಾನಿನ ವ್ಯಾಪಾರಿ ಬಂದು, ಅಪ್ಪ ಜೀವಮಾನವೆಲ್ಲ ಕೂಡಿಟ್ಟದ್ದನ್ನು ನೋಡಿಹೋದ. ಗಾಳಿಗಿರಣಿಯ ಆಕಾರದ ಬಿಸ್ಕತ್ತಿನ ಡಬ್ಬ, ಪುಸ್ತಕ ಪೇರಿಸಿಟ್ಟಂತಿರುವ ಚಹಾದ ಡಬ್ಬ, ಅಂಗಡಿಯ ಕಿಟಕಿಯಲ್ಲಿ ಕೋಕೋ ಪುಡಿಯ ಜಾಹೀರಾತಿಗೆ ನಿಲ್ಲುತ್ತಿದ್ದ ತಗಡಿನ ಅಡುಗೆಯವನ ಬೊಂಬೆ, ಎಲ್ಲವೂ ಬೇಕಂತೆ. ಕೀಲಿ ಕೊಟ್ಟರೆ ಅಡುಗೆಯವನು ಈಗಲೂ ತಲೆಯಾಡಿಸುತ್ತಾನೆ. 'ಈ ಮನೇಲಿ ನನ್ನ ಮಾತಿಗೆ ಹ್ಞೂಂ ಅನ್ನೋನು ಇವನೊಬ್ಬನೇ' ಎಂದು ಅಪ್ಪ ನಗುತ್ತಿದ್ದದ್ದು ನೆನಪಿದೆಯಲ್ಲ? ಆಮೇಲೆ ವ್ಯಾಪಾರಿ ಆ ಕೆಂಪು ಬಸ್ಸಿನ ಆಕಾರದ ಡಬ್ಬವನ್ನು ಕೈಗೆತ್ತಿಕೊಂಡ. 'ಅಯ್ಯೋ ಅಕ್ಕಾ, ಇದನ್ಯಾರು ಮುಸುರೆ ಪಾತ್ರೆ ಥರ ಉಜ್ಜಿದ್ದು? ಕಿಟಕೀಲಿ ಬರೆದಿದ್ದ ಜನರೆಲ್ಲ ಅಳಿಸಿಹೋಗಿದ್ದಾರಲ್ಲ!' ಎಂದ. ನಾನು ಅದನ್ನು ಅವನ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟೆ.

ಹಳೆಯ ತಗಡಿಗೆ ನೀರು ಸೋಕಬಾರದು, ಒಣಬಟ್ಟೆಯಲ್ಲಿ ಒರೆಸಬೇಕು ಅಷ್ಟೇ ಎಂದು ಅಪ್ಪ ಕಲಿಸಿದ್ದು ನಿನಗೊಬ್ಬನಿಗೇ. ಅದಕ್ಕೇ ಆ ದಿನ ಅವರಿಗೆ ನಿನ್ನ ಮೇಲೆ ಅಷ್ಟು ಸಿಟ್ಟು ಬಂದದ್ದು. 'ಗೊತ್ತಿದ್ದೂ ಮಾಡಿದೆಯಲ್ಲೋ, ಇನ್ನು ನನ್ನ ಡಬ್ಬಗಳ ಕೋಣೆಗೆ ಕಾಲಿಡಬೇಡ' ಎಂದರು. ನೀನು ಇಡಲೇ ಇಲ್ಲ. ಅವರು ತೀರಿಕೊಂಡ ದಿನ ಬಂದಾಗಲೂ ಆ ಕೋಣೆಯ ಹೊಸ್ತಿಲ ಈಚೆಗೇ ನಿಂತೆ. ಕೊನೆಯ ವಾರ ಅವರು ಆ ಬಸ್ಸನ್ನು ತರಿಸಿ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದರು. 'ತಪ್ಪಾಯ್ತಪ್ಪಾ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ಅವನು' ಎಂದರು. ನಾನು ಔಷಧಿಯ ಚಮಚ ಹಿಡಿದುಕೊಂಡು ನಿಂತಿದ್ದೆ.

ವ್ಯಾಪಾರಿ ಗುರುವಾರ ಗಾಡಿ ತರುತ್ತಾನೆ. ಅಷ್ಟರೊಳಗೆ ಬಂದು ನಿನಗೆ ಬೇಕಾದದ್ದನ್ನು ಆರಿಸಿಕೊ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು: ಬಸ್ಸನ್ನು ಉಜ್ಜಿದವಳು ನಾನು. ಅಪ್ಪನ ಹುಟ್ಟುಹಬ್ಬಕ್ಕೆ ಫಳಫಳ ಹೊಳೆಯಲಿ ಎಂದು ಬಚ್ಚಲಲ್ಲಿ ಕೂತು ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದೆ. ನೀನು ಓಡಿ ಬಂದು ಕಸಿದುಕೊಂಡು ಒರೆಸುತ್ತಿದ್ದಾಗಲೇ ಅಪ್ಪ ಬಂದದ್ದು. ನೀನು ನನ್ನ ಮುಖ ನೋಡಿದೆ, ಬಾಯಿ ಬಿಡಲಿಲ್ಲ. ನಿಜ ಹೇಳಲು ನನಗೆ ಅಂದಿನಿಂದ ಇಪ್ಪತ್ತಾರು ವರ್ಷಗಳ ಸಮಯ ಇತ್ತು, ಆ ಚಮಚ ಹಿಡಿದು ನಿಂತ ಹೊತ್ತೂ ಇತ್ತು. ಹೇಳಲಿಲ್ಲ. ಬಸ್ಸನ್ನು ಯಾರಿಗೂ ಕೊಡುವುದಿಲ್ಲ. ಬಾ ಅಣ್ಣಾ, ಕೋಣೆಯೊಳಗೆ ಕಾಲಿಡು. ಬೈಯುವುದಿದ್ದರೆ ಅಲ್ಲೇ ನಿಂತು ಬೈ.